ದಂಡದ ದುಡ್ಡು ಯಾರ ಖಾತೆಗೆ?

ಇಸ್ಲಾಮಿಕ್ ಬ್ಯಾಂಕಿನಿಂದ ಕಾರು, ಮನೆ ಕೊಂಡವರು ಕಂತು ತಪ್ಪಿಸಿದರೆ ದಂಡ ಬೀಳುತ್ತದೆ. ಆದರೆ ಆ ದಂಡವನ್ನು ಬ್ಯಾಂಕು ತಾನು ತಿನ್ನುವಂತಿಲ್ಲ, ಬೇರೆ ಖಾತೆಗೆ ಹಾಕಿ ದಾನ ಕೊಡಬೇಕು. ಬಾಕಿ ತಡವಾಯಿತೆಂದು ಹಣ ವಸೂಲಿ ಮಾಡಿ ಲಾಭಕ್ಕೆ ಸೇರಿಸಿಕೊಂಡರೆ ಅದೂ ಇಸ್ಲಾಮಿನಲ್ಲಿ ನಿಷಿದ್ಧವಾದ ಬಡ್ಡಿಯೇ ಎನ್ನುವುದು ಅವರ ಲೆಕ್ಕ. ದುಬೈಯ ದೇರಾದಲ್ಲಿ ಇಂಥದೊಂದು ಬ್ಯಾಂಕಿನ ಶಾಖೆಯಲ್ಲಿ ಆಪರೇಷನ್ಸ್ ನೋಡಿಕೊಂಡಿದ್ದವಳು ನಾನು. ಊರು ಕುಂದಾಪುರ. ಸೇರಿದ ಹೊಸತರಲ್ಲಿ ಆ ದಾನದ ಖಾತೆ ಕಂಡು ಬೆರಗಾಗಿದ್ದೆ. ತಡವಾಗಿ ಬಂದ ನೌಕರನ ಸಂಬಳದಿಂದ ಅದೇ ಬ್ಯಾಂಕು ಹಿಡಿದುಕೊಂಡ ಹಣ ಯಾವ ಖಾತೆಗೆ ಹೋಗುತ್ತದೆ ಎಂದು ಕೇಳಬೇಕೆನಿಸಿದ್ದು ಮಾತ್ರ ಎಷ್ಟೋ ಕಾಲದ ಮೇಲೆ.

ಊರಿಗೆ ಬಂದಾಗಲೆಲ್ಲ "ನೀವು ಹಿಂದೂಗಳು, ನಿಮಗೆ ಅಲ್ಲಿ ಹೇಗೆ ಕೆಲಸ ಕೊಟ್ಟರು?" ಎಂದು ಕೇಳುವವರಿದ್ದರು. ನಮ್ಮ ಶಾಖೆಯಲ್ಲಿ ಕೇರಳದವರು, ಈಜಿಪ್ಟಿನವರು, ಪಾಕಿಸ್ತಾನದವರು, ಫಿಲಿಪೈನ್ಸಿನ ಕ್ರೈಸ್ತ ಹುಡುಗಿಯರು ಎಲ್ಲರೂ ಇದ್ದೆವು. ಇಸ್ಲಾಮಿಕ್ ಬ್ಯಾಂಕು ಮಸೀದಿಯ ಖಜಾನೆಯಲ್ಲ, ಅದು ಪಕ್ಕಾ ವ್ಯಾಪಾರ. 1963ರಲ್ಲಿ ಈಜಿಪ್ಟಿನ ಮಿತ್ ಘಮ್ರ್ ಎಂಬ ಊರಿನಲ್ಲಿ ಅಹ್ಮದ್ ಅಲ್ ನಜ್ಜಾರ್ ಎಂಬವರು ಹಳ್ಳಿಯವರಿಗಾಗಿ ಬಡ್ಡಿಯಿಲ್ಲದ ಉಳಿತಾಯ ಬ್ಯಾಂಕು ತೆರೆದರು. 1975ರಲ್ಲಿ ದುಬೈ ಇಸ್ಲಾಮಿಕ್ ಬ್ಯಾಂಕ್ ಬಂತು, 1983ರಲ್ಲಿ ಮಲೇಷ್ಯಾದಲ್ಲಿ ಬ್ಯಾಂಕ್ ಇಸ್ಲಾಂ. ಇಂಡೋನೇಷ್ಯಾದಲ್ಲಿ ಸರಕಾರಿ ಬ್ಯಾಂಕುಗಳ ಮೂರು ಶರಿಯಾ ಅಂಗಸಂಸ್ಥೆಗಳನ್ನು ಸೇರಿಸಿ 2021ರ ಫೆಬ್ರವರಿಯಲ್ಲಿ ಒಂದೇ ದೊಡ್ಡ ಬ್ಯಾಂಕು ಮಾಡಿದರು. ಭಾರತದಲ್ಲಿ ಇಂಥ ಬ್ಯಾಂಕು ಇಲ್ಲ. ಈ ಪ್ರಸ್ತಾಪವನ್ನು ಮುಂದುವರಿಸುವುದಿಲ್ಲ ಎಂದು ರಿಸರ್ವ್ ಬ್ಯಾಂಕು 2017ರಲ್ಲಿ ಮಾಹಿತಿ ಹಕ್ಕಿನ ಅರ್ಜಿಯೊಂದಕ್ಕೆ ಉತ್ತರ ಕೊಟ್ಟಿತ್ತು. 2019ರಲ್ಲಿ ಬೆಂಗಳೂರಿನ ಐಎಂಎ ಎಂಬ ಹೂಡಿಕೆ ಕಂಪನಿ 'ಹಲಾಲ್ ಲಾಭ'ದ ಹೆಸರಿನಲ್ಲಿ ಸಾವಿರಾರು ಮಂದಿಯ ಉಳಿತಾಯ ಮುಳುಗಿಸಿತಲ್ಲ, ಅದು ಬ್ಯಾಂಕೂ ಅಲ್ಲ, ಅದಕ್ಕೆ ಶರಿಯಾ ಲೆಕ್ಕಪರಿಶೋಧಕರ ಕಾಟವೂ ಇರಲಿಲ್ಲ. ಎರಡನ್ನೂ ಒಂದೇ ಚೀಲಕ್ಕೆ ಹಾಕಬೇಡಿ.

ಈಗ ನಮ್ಮ ಮೇಜಿನ ಮೇಲಿನ ಒಂದು ಫೈಲು ತೆರೆಯೋಣ. ಗ್ರಾಹಕ ಶೋರೂಮಿನಿಂದ 60,000 ದಿರ್ಹಮ್‌ನ ಕೊಟೇಶನ್ ತರುತ್ತಾನೆ. ಬ್ಯಾಂಕು ಅವನ ಕೈಗೆ ಹಣ ಕೊಡುವುದಿಲ್ಲ. "ನೀವು ಈ ಕಾರು ಕೊಂಡರೆ ನಿಮ್ಮಿಂದ ನಾನು ಕೊಳ್ಳುತ್ತೇನೆ" ಎಂದು ಮೊದಲು ಬರೆಸಿಕೊಳ್ಳುತ್ತದೆ. ಬಳಿಕ ಶೋರೂಮಿನಿಂದ ಕಾರನ್ನು ತಾನೇ ಕೊಳ್ಳುತ್ತದೆ. ಕಾರು ತನ್ನದಾದ ಮೇಲೆ, ನನಗೆ ಬಿದ್ದದ್ದು ಇಷ್ಟು, ನನ್ನ ಲಾಭ ಇಷ್ಟು ಎಂದು ಬಿಚ್ಚಿ ಹೇಳಿ, 69,000ಕ್ಕೆ ಅವನಿಗೆ ಮಾರುತ್ತದೆ. ಅವನು ಕಂತಿನಲ್ಲಿ ತೀರಿಸುತ್ತಾನೆ. ಇದು ಮುರಾಬಹಾ. ಒಟ್ಟು ಹಣ ಅಷ್ಟೇ ಅಲ್ಲವೇ ಮಾರಾಯ್ರೆ, ಬಡ್ಡಿಗೂ ಇದಕ್ಕೂ ಏನು ವ್ಯತ್ಯಾಸ ಎಂದು ಕೇಳಿದರೆ, ವ್ಯತ್ಯಾಸವೆಲ್ಲ ಇರುವುದು ಆ ಕ್ರಮದಲ್ಲಿ. ಸ್ವಲ್ಪ ಹೊತ್ತಾದರೂ ಕಾರು ಬ್ಯಾಂಕಿನದಾಗಿರಬೇಕು, ಆ ಹೊತ್ತಿನಲ್ಲಿ ಅದು ಸುಟ್ಟುಹೋದರೆ ನಷ್ಟ ಬ್ಯಾಂಕಿನದು. ಕೊಳ್ಳುವ ಮೊದಲೇ ಮಾರಾಟಪತ್ರಕ್ಕೆ ಸಹಿ ಬಿದ್ದರೆ ತನ್ನದಲ್ಲದ್ದನ್ನು ಮಾರಿದಂತೆ. ಆಗ ಆ 9,000 ಲಾಭ ಬ್ಯಾಂಕಿಗೆ ನಿಷಿದ್ಧ, ಅದೂ ದಾನದ ಖಾತೆಗೆ ಹೋಗುತ್ತದೆ.

ಅಂದರೆ ಇಲ್ಲಿನ ನೌಕರನ ಕೆಲಸವನ್ನು ಎಷ್ಟು ಫೈಲು ಮಾಡಿದ ಎನ್ನುವುದೊಂದರಿಂದ ಅಳೆಯಲಾಗುವುದಿಲ್ಲ. ಯಾವ ಕಾಗದಕ್ಕೆ ಯಾವುದರ ನಂತರ ಸಹಿ ಮಾಡಿಸಿದ ಎನ್ನುವುದೇ ಬ್ಯಾಂಕಿನ ಸರಕು. ಆದರೆ ನಮ್ಮಲ್ಲಿ ಇನ್ಸೆಂಟಿವ್ ಕೊಡುತ್ತಿದ್ದುದು ಫೈಲು ಎಣಿಸಿ. ಟಾರ್ಗೆಟ್‌ನ ಶೇ. 80 ದಾಟಿದರೆ ದುಡ್ಡು ಶುರು, 100 ದಾಟಿದರೆ ದರ ಇನ್ನೂ ಜಾಸ್ತಿ, 79ಕ್ಕೆ ನಿಂತರೆ ಸೊನ್ನೆ. ಬೇಸಿಕ್ ಸಂಬಳ ತೀರಾ ಕಡಿಮೆ. ಸೇಲ್ಸ್ ಹುಡುಗರು ರೂಮಿನ ಬಾಡಿಗೆ ಕೊಟ್ಟು ಊರಿಗೂ ದುಡ್ಡು ಕಳಿಸಬೇಕಾದರೆ ಇನ್ಸೆಂಟಿವ್ ಇಲ್ಲದೆ ಆಗುತ್ತಿರಲಿಲ್ಲ.

ಭಟ್ಕಳದ ಹುಡುಗನೊಬ್ಬನಿದ್ದ. ಸೇಲ್ಸ್‌ನಲ್ಲಿ ಚುರುಕು. ನನ್ನ ಜೊತೆ ಕನ್ನಡದಲ್ಲೇ ಮಾತು. ತಿಂಗಳ ಕೊನೆಯ ದಿನ ಸಂಜೆ ಫೈಲು ಹಿಡಿದು ಬಂದ. ಗ್ರಾಹಕನ ಸಹಿ ಎಲ್ಲ ಕಾಗದಕ್ಕೂ ಬಿದ್ದಿದೆ, ಮಾರಾಟಪತ್ರಕ್ಕೂ. ಶೋರೂಮಿನ ಇನ್‌ವಾಯ್ಸ್ ಮಾತ್ರ ಇನ್ನೂ ಬಂದಿಲ್ಲ. ಮಾರಾಟಪತ್ರದಲ್ಲಿ ಸಮಯ ಬರೆಯುವ ಜಾಗ ಖಾಲಿ.

"ಅಕ್ಕಾ, ಇದೊಂದು ಇವತ್ತು ಬಿಡದಿದ್ದರೆ ನನ್ನದು ಎಪ್ಪತ್ತೊಂಬತ್ತಕ್ಕೆ ನಿಲ್ತದೆ."

"ಕಾರು ಇನ್ನೂ ಶೋರೂಮಿನವರದ್ದು. ನೀನು ಯಾರ ಕಾರು ಮಾರ್ತಿದ್ದಿ?"

"ಒಂದು ಗಂಟೆಯಲ್ಲಿ ನಮ್ಮದಾಗ್ತದೆ."

"ಹಾಗಾದರೆ ಒಂದು ಗಂಟೆ ಬಿಟ್ಟು ಹೊಸ ಸಹಿ ಹಾಕಿಸ್ಕೊಂಡು ಬಾ."

ಒಂದು ಗಂಟೆ ಬಿಟ್ಟರೆ ಸಿಸ್ಟಮ್‌ನಲ್ಲಿ ತಿಂಗಳು ಮುಗಿದಿರುತ್ತದೆ ಎಂದು ಅವನಿಗೂ ಗೊತ್ತು, ನನಗೂ ಗೊತ್ತು. ಮುಖ ಸಣ್ಣ ಮಾಡಿಕೊಂಡು ಹೋದ. ಎಲ್ಲ ಫೈಲೂ ನನ್ನ ಮೇಜಿಗೇ ಬರುತ್ತಿರಲಿಲ್ಲವಲ್ಲ. ಕೆಲವು ತಿಂಗಳ ನಂತರ ಶರಿಯಾ ಆಡಿಟ್‌ನವರು ಬಂದು ಇನ್‌ವಾಯ್ಸ್‌ನ ಗಂಟೆಯನ್ನೂ ಮಾರಾಟಪತ್ರದ ಗಂಟೆಯನ್ನೂ ಪಕ್ಕಪಕ್ಕ ಇಟ್ಟು ನೋಡಿದಾಗ, ಹಿಂದುಮುಂದಾದ ಫೈಲುಗಳ ಒಂದು ಗೊಂಚಲೇ ಸಿಕ್ಕಿತು. ಎಲ್ಲವೂ ತಿಂಗಳ ಕೊನೆಯ ಎರಡು ಮೂರು ದಿನಗಳದ್ದೇ. ಅಷ್ಟೂ ಲಾಭ ದಾನಕ್ಕೆ ಹೋಯಿತು. ಹುಡುಗನಿಗೆ ವಾರ್ನಿಂಗ್ ಲೆಟರ್ ಬಂತು, ಒಂದು ವರ್ಷದ ಇನ್‌ಕ್ರಿಮೆಂಟ್ ನಿಂತಿತು. ಟಾರ್ಗೆಟ್ ಹೇರಿದ ಮ್ಯಾನೇಜರಿಗೆ ಆ ತ್ರೈಮಾಸಿಕದ ಬೋನಸ್ ಆಗಲೇ ಸಂದಾಯವಾಗಿತ್ತು, ಅದನ್ನು ಯಾರೂ ವಾಪಸು ಕೇಳಲಿಲ್ಲ. ಬಹುಮಾನ ಮೇಲಕ್ಕೆ ಹತ್ತಿತು, ಶಿಕ್ಷೆ ಕೆಳಕ್ಕೆ ಇಳಿಯಿತು. ಮಲೇಷ್ಯಾದ 2013ರ ಕಾಯಿದೆ ಶರಿಯಾ ನಿಯಮ ಮೀರಿ ವ್ಯವಹಾರ ನಡೆಸಿದವರಿಗೆ 8 ವರ್ಷದವರೆಗೆ ಜೈಲು, ಎರಡೂವರೆ ಕೋಟಿ ರಿಂಗಿಟ್‌ವರೆಗೆ ದಂಡ ಎನ್ನುತ್ತದೆ. ಅಂಥ ಕಾನೂನಿನ ಎದುರು ಸೇಲ್ಸ್ ಹುಡುಗನ ವಾರ್ನಿಂಗ್ ಲೆಟರ್ ತೋರಿಸಿದರೆ ಸಾಲದು, ಮೇಲಿನವರೂ ಬೆವರಬೇಕಾಗುತ್ತದೆ.

ಈ ಟಾರ್ಗೆಟ್ ಪದ್ಧತಿ ಧರ್ಮಕ್ಕೆ ಸರಿಯೇ ಎಂದು ನಾನು ಆಡಿಟ್‌ಗೆ ಬಂದಿದ್ದ ಸುಡಾನಿನ ಶೇಖ್ ಒಬ್ಬರನ್ನು ಕೇಳಿದೆ. ಅವರ ಶಾಸ್ತ್ರದಲ್ಲಿ ಇದಕ್ಕೆ ಬೇರೆ ಬೇರೆ ಕರಾರುಗಳೇ ಇವೆ. ಸಂಬಳ ಎಂದರೆ ಇಜಾರಾ, ಹೊತ್ತಿಗೆ ಕೊಡುವ ಕೂಲಿ. ಬೆವರು ಆರುವ ಮೊದಲೇ ಅದನ್ನು ಕೊಡಬೇಕು ಎಂದು ಪ್ರವಾದಿಗಳು ಹೇಳಿದ್ದಾಗಿ ಹದೀಸಿನಲ್ಲಿದೆ. ಬಹುಮಾನ ಎಂದರೆ ಜುಆಲಾ, ಕೆಲಸ ಪೂರೈಸಿದವನಿಗೆ ಮಾತ್ರ. ಕುರಾನಿನ ಯೂಸುಫರ ಕಥೆಯಲ್ಲಿ ಅರಸನ ಪಾತ್ರೆ ಕಳೆದಾಗ, ತಂದುಕೊಟ್ಟವರಿಗೆ ಒಂದು ಒಂಟೆ ಹೊರೆ ಧಾನ್ಯ ಎಂದು ಸಾರುತ್ತಾರೆ. ಅದು ಇದಕ್ಕೆ ಆಧಾರ. ಅರ್ಧ ದಾರಿ ಹುಡುಕಿ ಬಂದವನಿಗೆ ಏನೂ ಇಲ್ಲ. ಹಾಗಾಗಿ 79ಕ್ಕೆ ಸೊನ್ನೆ ಎನ್ನುವುದು ಕಾಗದದ ಮೇಲೆ ತಪ್ಪಲ್ಲ ಎಂದರು ಶೇಖ್. ಆಮೇಲೆ ನಕ್ಕು ಸೇರಿಸಿದರು: "ಕಳೆದ ಒಂಟೆ ತಂದವನಿಗೆ ಬಹುಮಾನ ಸರಿ ಮೇಡಂ. ಯಾರದೋ ಒಂಟೆ ಹಿಡಿದು ತಂದರೂ ಎಣಿಸಿಕೊಳ್ಳುವ ಯಜಮಾನನಿಗೆ ಏನು ಹೇಳೋಣ?"

ಬಹುಮಾನ ಯಾವುದನ್ನು ಎಣಿಸುತ್ತದೆ ಎನ್ನುವುದರ ಮೇಲೆ ಎಲ್ಲವೂ ನಿಂತಿದೆ ಎಂದು ನಾನು ಕಲಿತದ್ದು ದುಬೈಯಲ್ಲಿ ಅಲ್ಲ, ಮನೆಯಲ್ಲಿ. ಅಪ್ಪ ಪಿಗ್ಮಿ ಏಜೆಂಟ್. ಉಡುಪಿಯ ಸಿಂಡಿಕೇಟ್ ಬ್ಯಾಂಕಿನವರು 1928ರಲ್ಲಿ ಶುರುಮಾಡಿದ ಆ ಯೋಜನೆಯಲ್ಲಿ ಏಜೆಂಟರು ದಿನಾ ಅಂಗಡಿ ಅಂಗಡಿಗೆ ಹೋಗಿ ಚಿಲ್ಲರೆ ಕಾಸು ಕೂಡಿಸಿ ತರುತ್ತಿದ್ದರು, ಕಟ್ಟಿಸಿದ ಹಣದ ಮೇಲೆ ಕಮಿಷನ್. ಎಷ್ಟು ಹೊಸ ಖಾತೆ ತೆರೆಸಿದೆ ಎಂದು ಅಪ್ಪನನ್ನು ದಿನಾ ಯಾರೂ ಪೀಡಿಸುತ್ತಿರಲಿಲ್ಲ. ನಾಳೆಯೂ ಅದೇ ಬೀಡಾ ಅಂಗಡಿಯವನ ಮುಂದೆ ನಿಲ್ಲಬೇಕಾದವರು ಇವತ್ತು ಅವನಿಗೆ ಮೋಸ ಮಾಡಿ ಗಳಿಸುವುದೇನು? ಇದಕ್ಕೆ ತೀರಾ ಉಲ್ಟಾ ಆದದ್ದು ಅಮೆರಿಕದ ವೆಲ್ಸ್ ಫಾರ್ಗೋದಲ್ಲಿ. ಅದು ಮಾಮೂಲಿ ಬಡ್ಡಿ ಬ್ಯಾಂಕು. ತಲೆಗೆ ಇಷ್ಟು ಖಾತೆ ಮಾರಲೇಬೇಕು ಎಂದು ಒತ್ತಿದ್ದಕ್ಕೆ ನೌಕರರು ಗ್ರಾಹಕರಿಗೆ ಗೊತ್ತಿಲ್ಲದೆ ಲಕ್ಷಗಟ್ಟಲೆ ಖಾತೆ ತೆರೆದರು. 2016ರಲ್ಲಿ ಬ್ಯಾಂಕಿಗೆ 18.5 ಕೋಟಿ ಡಾಲರ್ ದಂಡ ಬಿತ್ತು, ಅದಕ್ಕೂ ಮೊದಲೇ ಸುಮಾರು 5,300 ನೌಕರರು ಕೆಲಸ ಕಳೆದುಕೊಂಡಿದ್ದರು.

ಇನ್ನು ಶಿಕ್ಷೆಯ ಮಾತು. ನಮ್ಮಲ್ಲಿ ಬೆಳಿಗ್ಗೆ ಬೆರಳು ಒತ್ತುವ ಮೆಷಿನ್. ತಿಂಗಳಲ್ಲಿ ಮೂರು ಸಲ ತಡವಾದರೆ ಅರ್ಧ ದಿನದ ಸಂಬಳ ಕಟ್. ಶಾರ್ಜಾದಿಂದ ದೇರಾಕ್ಕೆ ಬರುವ ರಸ್ತೆಯ ಟ್ರಾಫಿಕ್ ಗೊತ್ತಿದ್ದವರಿಗೆ ಇದರ ಬಿಸಿ ಗೊತ್ತಾಗುತ್ತದೆ. ಕಟ್ ಶುರುವಾದ ಮೇಲೆ ತಡವಾಗುವುದು ಕಡಿಮೆಯಾಯಿತೇ ಎಂದರೆ, ಲೆಕ್ಕ ಹಾಕುವುದು ಜಾಸ್ತಿಯಾಯಿತು. ಎರಡು ಸಲ ತಡವಾದವರು ಮೂರನೆಯದಕ್ಕೆ ಹೇಗೂ ಕಟ್ ಬೀಳುತ್ತದಲ್ಲ ಎಂದು ಆರಾಮಾಗಿ ಚಹಾ ಕುಡಿದು ಬರತೊಡಗಿದರು.

ಇದನ್ನು ಮೊದಲೇ ಅಳೆದು ತೋರಿಸಿದವರಿದ್ದಾರೆ. ಊರಿ ನೀಜಿ ಮತ್ತು ಆಲ್ಡೋ ರುಸ್ಟಿಕಿನಿ ಎಂಬ ಅರ್ಥಶಾಸ್ತ್ರಜ್ಞರು ಇಸ್ರೇಲಿನ ಹೈಫಾದ ಹತ್ತು ಶಿಶುಪಾಲನಾ ಕೇಂದ್ರಗಳಲ್ಲಿ ನಡೆಸಿದ ಅಧ್ಯಯನವನ್ನು 2000ದಲ್ಲಿ ಪ್ರಕಟಿಸಿದರು. ಮಗುವನ್ನು ಕರೆದೊಯ್ಯಲು ಹತ್ತು ನಿಮಿಷಕ್ಕಿಂತ ತಡವಾಗಿ ಬರುವ ತಂದೆತಾಯಿಗೆ ಕೆಲವು ಕೇಂದ್ರಗಳಲ್ಲಿ 10 ಶೆಕೆಲ್ ದಂಡ ಹಾಕಿದರು. ತಡವಾಗಿ ಬರುವವರು ಕಡಿಮೆಯಾಗುವ ಬದಲು ಹೆಚ್ಚುಕಡಿಮೆ ಇಮ್ಮಡಿಯಾದರು. ಮೊದಲು ಟೀಚರ ಮುಖ ನೋಡಲು ಸಂಕೋಚವಿತ್ತು, ಈಗ ಹತ್ತು ಶೆಕೆಲ್ ಬಿಸಾಕಿದರಾಯಿತು. ದಂಡ ತೆಗೆದ ಮೇಲೂ ಹಳೆಯ ಸಂಕೋಚ ಮರಳಲಿಲ್ಲ.

ನಮ್ಮ ಶಾಖೆಯಲ್ಲಿ ಒಬ್ಬರೂ ತಡಮಾಡದ ಕೆಲಸ ಒಂದಿತ್ತು, ಸ್ಟ್ರಾಂಗ್ ರೂಮಿನ ಕೀಲಿ. ಎಲ್ಲ ಬ್ಯಾಂಕಿನಂತೆ ಅಲ್ಲೂ ಎರಡು ಕೀಲಿ, ಇಬ್ಬರ ಕೈಯಲ್ಲಿ. ಇಬ್ಬರೂ ಬಂದು ನಿಂತರಷ್ಟೇ ಬಾಗಿಲು ತೆರೆಯುತ್ತದೆ. ಒಬ್ಬರು ತಡಮಾಡಿದರೆ ಟೆಲ್ಲರುಗಳೆಲ್ಲ ಖಾಲಿ ಡ್ರಾಯರ್ ಹಿಡಿದು ಸಾಲಾಗಿ ನಿಲ್ಲುತ್ತಾರೆ, ಹೊರಗೆ ಗ್ರಾಹಕರು ಗಾಜಿನಿಂದ ಇಣುಕುತ್ತಾರೆ. ಕೀಲಿಯವರಿಗೆ ಅದಕ್ಕಾಗಿ ಒಂದು ದಿರ್ಹಮ್ ಹೆಚ್ಚು ಸಂಬಳವಿಲ್ಲ, ಬೇರೆ ದಂಡವೂ ಇಲ್ಲ. ಫಿಲಿಪೈನ್ಸಿನ ಹೆಡ್ ಟೆಲ್ಲರ್ ಕೀಲಿ ಸಿಕ್ಕಿದ ವಾರದಿಂದ ಎಲ್ಲರಿಗಿಂತ ಮೊದಲು ಬಂದು ಕೂರುತ್ತಿದ್ದಳು. ಅದಕ್ಕೆ ಮುಂಚೆ ಬೆರಳಿನ ಮೆಷಿನ್ ಜೊತೆ ಅವಳದು ದಿನಾ ಜಗಳ. ತನ್ನಿಂದ ಯಾರಿಗೆ ತೊಂದರೆಯಾಗುತ್ತದೆ ಎಂದು ಕಣ್ಣಾರೆ ಕಾಣುವುದಕ್ಕೆ ಇರುವ ಬಲ ಸಂಬಳ ಕಟ್ ಮಾಡುವುದಕ್ಕಿಲ್ಲ.

ಕೊನೆಗೊಂದು ದಿನ ಶೇಖ್ ಅವರನ್ನು ಆ ಹಳೆಯ ಪ್ರಶ್ನೆ ಕೇಳಿಯೇ ಬಿಟ್ಟೆ. ಗ್ರಾಹಕರ ದಂಡ ದಾನಕ್ಕೆ ಹೋಗುತ್ತದೆ, ನಮ್ಮ ದಂಡ? ಅವರು ಸ್ವಲ್ಪ ಹೊತ್ತು ಯೋಚಿಸಿದರು. ಹತ್ತು ನಿಮಿಷ ಕೆಲಸ ಮಾಡದವನಿಗೆ ಹತ್ತು ನಿಮಿಷದ ಸಂಬಳ ಕೊಡದಿದ್ದರೆ ಅದು ದಂಡವಲ್ಲ, ಮಾಡದ ಕೆಲಸದ ಬಾಬ್ತು. ಆದರೆ ಹತ್ತು ನಿಮಿಷಕ್ಕೆ ಅರ್ಧ ದಿನ ಹಿಡಿದರೆ, ಹೆಚ್ಚಾಗಿ ಹಿಡಿದದ್ದು ದಂಡ, ಅದನ್ನು ಬ್ಯಾಂಕು ಇಟ್ಟುಕೊಳ್ಳುವುದು ತನಗೆ ಸರಿಕಾಣುವುದಿಲ್ಲ ಎಂದರು. ಎಚ್.ಆರ್.ಗೆ ಬರೆದೂ ಬರೆದರು. ಮೊತ್ತ ಚಿಕ್ಕದು, ಮುಂದೆ ನೋಡೋಣ ಎಂಬ ಉತ್ತರ ಬಂತಂತೆ. ನಾನಿರುವವರೆಗೂ ಆ 'ಮುಂದೆ' ಬರಲಿಲ್ಲ. ತಮಾಷೆಯೆಂದರೆ ಶರಿಯಾದ ಸೊಲ್ಲೇ ಇಲ್ಲದ ನಮ್ಮ ದೇಶದ 1936ರ ವೇತನ ಪಾವತಿ ಕಾಯಿದೆಯಲ್ಲಿ ಇದು ಸ್ಪಷ್ಟವಾಗಿತ್ತು: ನೌಕರನಿಗೆ ಹಾಕುವ ದಂಡ ಆ ಅವಧಿಯ ಸಂಬಳದ ಶೇ. 3 ಮೀರಬಾರದು, ವಸೂಲಾದ ಹಣ ನೌಕರರ ಒಳಿತಿಗೇ ಖರ್ಚಾಗಬೇಕು. ದಂಡದಿಂದ ಧಣಿಗೆ ಲಾಭವಾಗತೊಡಗಿದರೆ ಧಣಿಗೆ ತಪ್ಪುಗಳೇ ಬೇಕಾಗುತ್ತವೆ ಎಂದು ಆ ಕಾಲದವರಿಗೂ ಗೊತ್ತಿತ್ತು.

ಇಸ್ಲಾಮಿಕ್ ಬ್ಯಾಂಕು ನೌಕರರ ವಿಷಯದಲ್ಲಿ ಹೊಸ ಸಿದ್ಧಾಂತ ಹುಡುಕಬೇಕಿಲ್ಲ, ಗ್ರಾಹಕರ ಜೊತೆ ಮಾಡಿಕೊಳ್ಳುವ ಕರಾರನ್ನೇ ನೌಕರರಿಗೂ ಅನ್ವಯಿಸಿದರೆ ಸಾಕು ಎನ್ನುವುದು ನನ್ನ ವಾದ. ಅವರ ಇನ್ನೊಂದು ಕರಾರು ಮುದಾರಬಾ. ಒಬ್ಬರ ದುಡ್ಡು, ಇನ್ನೊಬ್ಬರ ದುಡಿಮೆ. ಲಾಭ ಬಂದರೆ ಮೊದಲೇ ಒಪ್ಪಿದ ಪಾಲು. ನಷ್ಟವಾದರೆ ದುಡ್ಡಿನವರ ದುಡ್ಡು ಹೋಯಿತು, ದುಡಿದವನ ದುಡಿಮೆ ಹೋಯಿತು, ಅವನ ತಲೆಗೆ ಬೇರೆ ಹೊರೆಯಿಲ್ಲ. ನಿರ್ಲಕ್ಷ್ಯ ಮಾಡಿದ್ದರೆ ಅಥವಾ ಕರಾರು ಮೀರಿದ್ದರೆ ಮಾತ್ರ ನಷ್ಟ ಅವನೇ ಭರಿಸಬೇಕು. ಠೇವಣಿದಾರರ ಎದುರು ಬ್ಯಾಂಕು ತನ್ನನ್ನು ಕಾಪಾಡಿಕೊಳ್ಳುವುದು ಈ ನಿಯಮದಿಂದಲೇ. ಇದೇ ರಕ್ಷಣೆ ಒಳಗಿನ ನೌಕರನಿಗೆ ಏಕಿಲ್ಲ?

ದುಬೈಯ 2009ರ ಆರ್ಥಿಕ ಮುಗ್ಗಟ್ಟು ನೆನಪಿಸಿಕೊಳ್ಳಿ. ಕೆಲಸ ಹೋದವರು ವಿಮಾನ ನಿಲ್ದಾಣದಲ್ಲಿ ಕಾರು ಬಿಟ್ಟು ದೇಶ ಬಿಟ್ಟ ಸುದ್ದಿ ಜಗತ್ತಿನ ಪೇಪರಿನಲ್ಲೆಲ್ಲ ಬಂದಿತ್ತು. ಬಾಕಿ ಮುಳುಗಿತೆಂದು ನಮ್ಮ ಕಾರು ವಿಭಾಗದಲ್ಲಿ ಇಡೀ ತಂಡದ ಇನ್‌ಕ್ರಿಮೆಂಟ್ ಹಿಡಿದರು. ಸಂಬಳದ ಪತ್ರ, ಕಂಪನಿಯ ಹೆಸರು ಎಲ್ಲ ತಪಾಸಣೆ ಮಾಡಿ ಸರಿಯಾಗಿ ಫೈಲು ಮಾಡಿದವರಿಗೂ ಅದೇ ಶಿಕ್ಷೆ, ಕಣ್ಣು ಮುಚ್ಚಿ ಸಹಿ ಹಾಕಿದವರಿಗೂ ಅದೇ. ಪರಿಣಾಮ ಬೇಗ ಕಂಡಿತು. ಜಾಗ್ರತೆಯ ಅಧಿಕಾರಿಗಳು ಯಾವ ಫೈಲಿಗೂ ಸಹಿ ಹಾಕದೆ ಮೇಲಿನವರಿಗೆ ತಳ್ಳತೊಡಗಿದರು. ಎಷ್ಟು ಜಾಗ್ರತೆ ಮಾಡಿದರೂ ಏಟು ಒಂದೇ ಎಂದಾದ ಮೇಲೆ ಕೈಕಟ್ಟಿ ಕೂರುವುದೇ ಲಾಭ.

ಬಹುಮಾನದ ಬಗ್ಗೆಯೂ ಮುದಾರಬಾ ದಾರಿ ತೋರಿಸುತ್ತದೆ, ಪಾಲು ಎಲ್ಲರದ್ದು ಎಂದು. ಈ ವಿಷಯದಲ್ಲಿ ನಮ್ಮ ಊರಿನ ಬ್ಯಾಂಕುಗಳೇ ಒಂದು ಹೆಜ್ಜೆ ಇಟ್ಟಿವೆ. 2020ರ ದ್ವಿಪಕ್ಷೀಯ ಒಪ್ಪಂದದ ಪ್ರಕಾರ ಸರಕಾರಿ ಬ್ಯಾಂಕಿನ ಕಾರ್ಯನಿರ್ವಹಣಾ ಲಾಭ ಶೇ. 5ರಿಂದ 10 ಏರಿದರೆ ಎಲ್ಲರಿಗೂ 5 ದಿನದ ವೇತನ, 15 ಮೀರಿದರೆ 15 ದಿನದ್ದು ಎಂದಾಯಿತು. ಆ ಒಪ್ಪಂದದಲ್ಲಿ ಜವಾನನಿಂದ ಹಿಡಿದು ಅಧಿಕಾರಿಯವರೆಗೆ ಒಂದೇ ಅಳತೆಯಿತ್ತು. ಇದು ಸಣ್ಣ ಮೊತ್ತ, ಸೋಮಾರಿಗೂ ಸಿಗುತ್ತದೆ ಎಂದು ದೂರುವವರಿದ್ದಾರೆ. ಇರಬಹುದು. ಆದರೆ ಅದಕ್ಕಾಗಿ ಯಾರೂ ತಿಂಗಳ ಕೊನೆಯಲ್ಲಿ ಖಾಲಿ ಕಾಗದಕ್ಕೆ ಸಹಿ ಹಾಕಿಸಿಕೊಳ್ಳುವುದಿಲ್ಲ.

ಉಮ್ರಾ ಯಾತ್ರೆಯ ವಿಷಯ ಹೇಳದಿದ್ದರೆ ಚಿತ್ರ ಪೂರ್ಣವಾಗದು. ವರ್ಷದ ಉತ್ತಮ ನೌಕರರನ್ನು ಬ್ಯಾಂಕಿನ ಖರ್ಚಿನಲ್ಲಿ ಮೆಕ್ಕಾಕ್ಕೆ ಕಳಿಸುತ್ತಿದ್ದರು. ಪಾಕಿಸ್ತಾನದ ನಮ್ಮ ಮೆಸೆಂಜರ್ ಒಂದು ವರ್ಷ ಆಯ್ಕೆಯಾದ. ಚೆಕ್‌ಗಳ ಚೀಲ ಹೊತ್ತು ಓಡಾಡುವ, ಯಾವ ಟಾರ್ಗೆಟ್ಟೂ ಇಲ್ಲದ ಮನುಷ್ಯ. ಹೆಸರು ಕರೆದಾಗ ಅವನು ಅತ್ತುಬಿಟ್ಟ. ಆ ಟಿಕೆಟಿನ ಬೆಲೆಗಿಂತ ಎಷ್ಟೋ ಪಾಲು ಹೆಚ್ಚಿನ ಇನ್ಸೆಂಟಿವ್ ಎಣಿಸಿಕೊಂಡ ಸೇಲ್ಸ್‌ನವರ ಮುಖದಲ್ಲಿ ನಾನು ಅಂಥ ಸಂತೋಷ ಕಂಡಿಲ್ಲ. ಮೆಕ್ಕಾಕ್ಕೆ ಹೋಗಲಾಗದ ನಮ್ಮಂಥವರು ಆಯ್ಕೆಯಾದರೆ ಊರಿಗೆ ಹೋಗಿಬರುವ ಟಿಕೆಟ್. ನನಗೂ ಒಮ್ಮೆ ಸಿಕ್ಕಿತ್ತು, ಮಂಗಳೂರಿಗೆ. ಬೇಡ ಎನ್ನಲಿಲ್ಲ.

ಇಂಡೋನೇಷ್ಯಾದ ವಿಶ್ವವಿದ್ಯಾಲಯಗಳಲ್ಲಿ ನೌಕರರ ಬಹುಮಾನ, ಶಿಕ್ಷೆಯ ವಿಷಯದ ಮೇಲೆ ಪ್ರಬಂಧ ಬರೆಯುವವರು ಬಹಳ. ಶರಿಯಾ ಬ್ಯಾಂಕಿನ ಶಾಖೆಗೆ ಹೋಗಿ ನೌಕರರಿಗೆ ಪ್ರಶ್ನಾವಳಿ ಹಂಚುತ್ತಾರೆ. 'ಬಹುಮಾನದಿಂದ ನನ್ನ ಕೆಲಸ ಉತ್ತಮವಾಗಿದೆ' ಎಂಬ ವಾಕ್ಯಕ್ಕೆ ಒಂದರಿಂದ ಐದರವರೆಗೆ ಅಂಕ. ಶಾಖೆಯಲ್ಲಿ ಕೂತು, ಮ್ಯಾನೇಜರ್ ಒಪ್ಪಿಗೆ ಕೊಟ್ಟ ಪ್ರಶ್ನೆಗೆ ಯಾವ ನೌಕರ ಒಂದು ಅಂಕ ಕೊಡುತ್ತಾನೆ? ಇನ್‌ವಾಯ್ಸ್‌ನ ಗಂಟೆಯನ್ನೂ ಮಾರಾಟಪತ್ರದ ಗಂಟೆಯನ್ನೂ ಪಕ್ಕಪಕ್ಕ ಇಟ್ಟು ನೋಡಿದರೆ ಇನ್ಸೆಂಟಿವ್ ಏನು ಮಾಡುತ್ತದೆ ಎಂದು ನಾಲ್ಕು ಫೈಲಿನಲ್ಲಿ ತಿಳಿಯುತ್ತದೆ.

ಕರಾವಳಿಯಿಂದ ಈಗಲೂ ಮಕ್ಕಳು ಕೊಲ್ಲಿಯ ಬ್ಯಾಂಕುಗಳಿಗೆ ಹೊರಡುತ್ತಿದ್ದಾರೆ, ಸೇಲ್ಸ್‌ಗೇ ಹೆಚ್ಚು. ಆಫರ್ ಲೆಟರ್ ತಂದು ತೋರಿಸಿದಾಗ ಅವರಿಗೆ ನಾನು ಹೇಳುವುದಿಷ್ಟು: ಒಟ್ಟು ಮೊತ್ತ ನೋಡಿ ಮರುಳಾಗಬೇಡಿ, ಬೇಸಿಕ್ ಎಷ್ಟು ನೋಡಿ. ಆಡಿಟ್‌ನಲ್ಲಿ ಫೈಲು ರದ್ದಾದರೆ ಕೊಟ್ಟ ಇನ್ಸೆಂಟಿವ್ ಯಾರಿಂದ ವಾಪಸು ಪಡೆಯುತ್ತಾರೆ, ನಿಮ್ಮಿಂದ ಮಾತ್ರವೋ ಮ್ಯಾನೇಜರಿನಿಂದಲೂ ಪಡೆಯುತ್ತಾರೋ ಕೇಳಿ. ಯುಎಇಯ 2021ರ ಕಾರ್ಮಿಕ ಕಾನೂನಿನಂತೆ ಶಿಸ್ತುಕ್ರಮವಾಗಿ ತಿಂಗಳಿಗೆ 5 ದಿನದ ವೇತನಕ್ಕಿಂತ ಹೆಚ್ಚು ಹಿಡಿಯುವಂತಿಲ್ಲ ಎಂಬುದು ನೆನಪಿರಲಿ. ಕೆಲಸ ಬಿಡುವಾಗ ಸಿಗುವ ಗ್ರಾಚ್ಯುಟಿ ಮೊದಲ ಐದು ವರ್ಷಗಳಿಗೆ ವರ್ಷಕ್ಕೆ 21 ದಿನದಂತೆ, ಆಮೇಲೆ 30 ದಿನದಂತೆ. ಲೆಕ್ಕ ಬೇಸಿಕ್ ಮೇಲೆ ಮಾತ್ರ. ತಿಂಗಳ ಕೊನೆಯ ದಿನ ಓಡಿ ಗಳಿಸಿದ ಇನ್ಸೆಂಟಿವ್‌ನ ಒಂದು ದಿರ್ಹಮೂ ಅದರಲ್ಲಿ ಸೇರುವುದಿಲ್ಲ.